ಕ್ಯಾಲಿಫೋರ್ನಿಯಾ ಕಮ್ಯುನಿಟಿ ಕಾಲೇಜಿನ ಮೊದಲ ವರ್ಷ: ಯಾವ ಕೋರ್ಸು ಈಗ, ಯಾವುದು ಆಮೇಲೆ

ಎರಡು ವರ್ಷ ಕಮ್ಯುನಿಟಿ ಕಾಲೇಜಿನಲ್ಲಿ ಓದಿ, ಮೂರನೇ ವರ್ಷಕ್ಕೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾಕ್ಕೋ (ಯುಸಿ) ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿಗೋ (ಸಿಎಸ್‌ಯು) ಟ್ರಾನ್ಸ್‌ಫರ್ ಆಗುವ ದಾರಿ ಅಗ್ಗದ್ದು. ರಾಜ್ಯದ ನಿವಾಸಿಗಳಿಗೆ ಸೆಮಿಸ್ಟರ್ ಯೂನಿಟ್ಟಿಗೆ (ಕೋರ್ಸಿನ ಭಾರ ಅಳೆಯುವ ಲೆಕ್ಕ) 46 ಡಾಲರ್ ಶುಲ್ಕ. ಕ್ಯುಪರ್ಟಿನೊ, ಫ್ರೀಮಾಂಟ್, ಸ್ಯಾನ್ ರಮೋನ್ ಕಡೆಯ ಕನ್ನಡ ಮನೆಗಳಲ್ಲೂ ಡಿ ಆನ್ಜಾ, ಓಲೋನಿ, ಡಯಾಬ್ಲೊ ವ್ಯಾಲಿ ಕಾಲೇಜುಗಳ ಹೆಸರು ಹೊಸದಲ್ಲ. ಆದರೆ ಎರಡು ವರ್ಷ ಅಂದುಕೊಂಡದ್ದು ಎಷ್ಟೋ ಮಕ್ಕಳಿಗೆ ಮೂರಾಗುತ್ತದೆ. ಓದಿನಲ್ಲಿ ಹಿಂದೆ ಬಿದ್ದದ್ದೇ ಯಾವಾಗಲೂ ಕಾರಣವಲ್ಲ. ಮೊದಲ ಸೆಮಿಸ್ಟರಿನಲ್ಲಿ ಸೈಕಾಲಜಿ, ಸಿನಿಮಾ ಇತಿಹಾಸ, ಆರೋಗ್ಯ ಶಿಕ್ಷಣ ಎಂದು ಹಗುರವಾದದ್ದನ್ನು ತುಂಬಿಕೊಂಡು, ಗಣಿತ ಮತ್ತು ವಿಜ್ಞಾನವನ್ನು ‘ಸ್ವಲ್ಪ ಹೊಂದಿಕೊಂಡ ಮೇಲೆ’ ಎಂದು ಮುಂದೂಡಿದ್ದು ಕಾರಣ.

ಜನರಲ್ ಎಜುಕೇಷನ್ (ಜಿಇ), ಅಂದರೆ ಯಾವ ವಿಷಯದವರೂ ಓದಬೇಕಾದ ಸಾಮಾನ್ಯ ಕೋರ್ಸುಗಳನ್ನು ಯಾವ ಸೆಮಿಸ್ಟರಿನಲ್ಲಿ ಬೇಕಾದರೂ ಮಾಡಬಹುದು, ಬೇಸಿಗೆಯಲ್ಲೂ ಮಾಡಬಹುದು, ಆನ್‌ಲೈನಿನಲ್ಲೂ ಸಿಗುತ್ತವೆ. ಒಂದರ ಮೇಲೊಂದು ನಿಂತ ಕೋರ್ಸುಗಳಿಗೆ ಆ ಸ್ವಾತಂತ್ರ್ಯ ಇಲ್ಲ. ಹಾಗಾಗಿ ಮೊದಲ ವರ್ಷದ ಆಯ್ಕೆ ಶುರುವಾಗಬೇಕಾದ್ದು ಜಿಇ ಪಟ್ಟಿಯಿಂದಲ್ಲ, ನಿಮ್ಮ ಮೇಜರ್‌ನ (ಪದವಿಯ ಮುಖ್ಯ ವಿಷಯದ) ಅತಿ ಉದ್ದದ ಸರಪಳಿಯಿಂದ.

ಮೂರು ಪ್ರಶ್ನೆ, ಒಂದೇ ಅಲ್ಲ

‘ಈ ಕೋರ್ಸು ಟ್ರಾನ್ಸ್‌ಫರ್ ಆಗುತ್ತದಾ?’ ಎಂದು ಕೇಳಿ, ‘ಆಗುತ್ತದೆ’ ಎಂಬ ಉತ್ತರ ಪಡೆದು, ಎರಡು ವರ್ಷದ ನಂತರ ಅದು ಯಾವುದಕ್ಕೂ ಉಪಯೋಗಕ್ಕೆ ಬರಲಿಲ್ಲ ಎಂದು ತಿಳಿಯುವವರು ಬಹಳ. ಆ ಒಂದು ಪ್ರಶ್ನೆಯೊಳಗೆ ಮೂರು ಪ್ರಶ್ನೆಗಳಿವೆ.

ಮೊದಲನೆಯದು, ಯೂನಿಟ್ ಎಣಿಕೆಗೆ ಬರುತ್ತದೆಯೇ? ಜೂನಿಯರ್ (ಮೂರನೇ ವರ್ಷದ ವಿದ್ಯಾರ್ಥಿ) ಆಗಿ ಸೇರಲು 60 ಸೆಮಿಸ್ಟರ್ ಯೂನಿಟ್ ಬೇಕು, ವರ್ಷವನ್ನು ಮೂರು ಕಿರು ಅವಧಿಗಳಾಗಿ ಹಂಚುವ ಕ್ವಾರ್ಟರ್ ಪದ್ಧತಿಯ ಕಾಲೇಜಾದರೆ 90. ಕೆಲವು ಕೋರ್ಸುಗಳು ಸಿಎಸ್‌ಯು ಎಣಿಕೆಗೆ ಮಾತ್ರ ಬರುತ್ತವೆ, ಯುಸಿಗೆ ಬರುವುದಿಲ್ಲ. ಎರಡನೆಯದು, ಜಿಇ ಪಟ್ಟಿಯ ಯಾವುದಾದರೂ ವಿಭಾಗವನ್ನು ತುಂಬುತ್ತದೆಯೇ? ಮೂರನೆಯದು, ನೀವು ಹೋಗಬೇಕೆಂದಿರುವ ಕ್ಯಾಂಪಸ್ಸಿನ, ನಿಮ್ಮ ಮೇಜರ್‌ನ, ಒಂದು ನಿರ್ದಿಷ್ಟ ಕೋರ್ಸಿಗೆ ಬದಲಿಯಾಗಿ ಅದನ್ನು ಒಪ್ಪುತ್ತಾರೆಯೇ? ಇದಕ್ಕೆ ಆರ್ಟಿಕ್ಯುಲೇಷನ್ ಎನ್ನುತ್ತಾರೆ. ಕಂಪ್ಯೂಟರ್ ಸೈನ್ಸ್‌ಗೆ ಹೋಗುವವರು ಸ್ಟಾಟಿಸ್ಟಿಕ್ಸ್ ಓದಿದರೆ ಯೂನಿಟ್ ಸಿಗುತ್ತದೆ, ಗಣಿತದ ಜಿಇ ಕೂಡ ಮುಗಿಯುತ್ತದೆ, ಆದರೆ ಮೇಜರ್ ಕೇಳುವ ಕ್ಯಾಲ್ಕುಲಸ್ ಹಾಗೇ ಉಳಿದಿರುತ್ತದೆ. ಅವರೇ ಕ್ಯಾಲ್ಕುಲಸ್ ಓದಿದರೆ ಮೂರಕ್ಕೂ ಒಂದೇ ಕೋರ್ಸು ಸಾಕು. ಮೊದಲ ವರ್ಷದ ಪ್ರತಿ ಕೋರ್ಸಿನ ಮುಂದೆ ಈ ಮೂರು ಉತ್ತರಗಳನ್ನು ಬರೆದಿಡಿ.

ಅಸಿಸ್ಟ್ ಪುಟವನ್ನು ಓದುವ ಬಗೆ

ಆರ್ಟಿಕ್ಯುಲೇಷನ್ನಿನ ಅಧಿಕೃತ ದಾಖಲೆ ಇರುವುದು ಅಸಿಸ್ಟ್ ಡಾಟ್ ಆರ್ಗ್‌ನಲ್ಲಿ. ಅಕಾಡೆಮಿಕ್ ವರ್ಷ ಆರಿಸಿ, ನಿಮ್ಮ ಕಾಲೇಜು ಆರಿಸಿ, ಗುರಿ ಇಟ್ಟಿರುವ ವಿಶ್ವವಿದ್ಯಾಲಯ ಆರಿಸಿ, ಆಮೇಲೆ ಮೇಜರ್. ಎಡಗಡೆ ವಿಶ್ವವಿದ್ಯಾಲಯದ ಕೋರ್ಸು, ಬಲಗಡೆ ಅದಕ್ಕೆ ಸಮನಾದ ನಿಮ್ಮ ಕಾಲೇಜಿನ ಕೋರ್ಸು ಬರುತ್ತದೆ. ಒಂದೇ ಕ್ಯಾಂಪಸ್ ನೋಡಿ ನಿಲ್ಲಿಸಬೇಡಿ. ಮೂರು ನಾಲ್ಕು ಕ್ಯಾಂಪಸ್ಸುಗಳ ಒಪ್ಪಂದಗಳನ್ನು ಪಿಡಿಎಫ್ ಆಗಿ ಇಳಿಸಿಕೊಂಡು ಪಕ್ಕಪಕ್ಕ ಇಡಿ. ಎಲ್ಲದರಲ್ಲೂ ಇರುವ ಕೋರ್ಸುಗಳೇ ಮೊದಲ ವರ್ಷಕ್ಕೆ. ಒಂದೇ ಕ್ಯಾಂಪಸ್ ಕೇಳುವಂಥವನ್ನು ಎರಡನೇ ವರ್ಷಕ್ಕೆ ತಳ್ಳಿ, ಆ ಹೊತ್ತಿಗೆ ಗುರಿಯೂ ಸ್ಪಷ್ಟವಾಗಿರುತ್ತದೆ.

ಓದುವಾಗ ಎಡವುವುದು ಸಣ್ಣ ಮಾತುಗಳಲ್ಲಿ. ಎರಡು ಕೋರ್ಸುಗಳ ನಡುವೆ ‘ಮತ್ತು’ ಎಂದಿದ್ದರೆ ಎರಡೂ ಮುಗಿದರೆ ಮಾತ್ರ ಆ ಒಂದು ಕೋರ್ಸಿಗೆ ಸಮ. ಅರ್ಧಕ್ಕೆ ಅರ್ಧ ಎಂಬ ಲೆಕ್ಕವಿಲ್ಲ. ‘ಅಥವಾ’ ಇದ್ದರೆ ಒಂದು ಸಾಕು. ‘ಆರ್ಟಿಕ್ಯುಲೇಟ್ ಆದ ಕೋರ್ಸಿಲ್ಲ’ ಎಂದು ಬರೆದಿದ್ದರೆ ನಿಮ್ಮ ಕಾಲೇಜಿನಲ್ಲಿ ಅದಕ್ಕೆ ಬದಲಿ ಇಲ್ಲ ಎಂದರ್ಥ. ಆಗ ಪಕ್ಕದ ಡಿಸ್ಟ್ರಿಕ್ಟಿನ ಕಾಲೇಜುಗಳ ಒಪ್ಪಂದ ನೋಡಿ. ಒಂದೇ ಸೆಮಿಸ್ಟರಿನಲ್ಲಿ ಎರಡು ಕಾಲೇಜುಗಳಲ್ಲಿ ಓದುವುದು ಇಲ್ಲಿ ಮಾಮೂಲಿ. ಕ್ಯಾಲಿಫೋರ್ನಿಯಾ ವರ್ಚುವಲ್ ಕ್ಯಾಂಪಸ್ ಮೂಲಕ ದೂರದ ಕಾಲೇಜಿನ ಆನ್‌ಲೈನ್ ಕೋರ್ಸುಗಳನ್ನೂ ಹುಡುಕಬಹುದು. ‘ಅವಶ್ಯ’ ಮತ್ತು ‘ಶಿಫಾರಸು’ ಎಂಬ ಎರಡು ಗುಂಪುಗಳಿದ್ದರೆ, ಪೈಪೋಟಿ ಜಾಸ್ತಿ ಇರುವ ಮೇಜರ್‌ಗಳಲ್ಲಿ ಎರಡನೆಯದನ್ನೂ ಅವಶ್ಯವೆಂದೇ ಹಿಡಿಯಿರಿ.

ಒಪ್ಪಂದಗಳು ವರ್ಷವರ್ಷಕ್ಕೆ ಬದಲಾಗುತ್ತವೆ. ನೀವು ಕೋರ್ಸು ಓದಿದ ವರ್ಷದ ಪುಟವನ್ನು ಉಳಿಸಿಕೊಂಡಿರಿ. ಮುಂದೆ ತಕರಾರು ಬಂದರೆ ಅದೇ ನಿಮ್ಮ ಸಾಕ್ಷಿ.

ಜಿಇ ಪಟ್ಟಿಯಲ್ಲಿ ಏನೇನಿದೆ

2021ರ ಎಬಿ 928 ಕಾನೂನಿನಿಂದಾಗಿ 2025ರ ಫಾಲ್‌ನಿಂದ (ಆಗಸ್ಟ್-ಸೆಪ್ಟೆಂಬರಿನಲ್ಲಿ ಶುರುವಾಗುವ ಅವಧಿ; ಜನವರಿಯದು ಸ್ಪ್ರಿಂಗ್) ಹೊಸಬರಿಗೆ ಯುಸಿ, ಸಿಎಸ್‌ಯು ಎರಡಕ್ಕೂ ಒಂದೇ ಜಿಇ ಪಟ್ಟಿ ಬಂದಿದೆ. ಅದರ ಹೆಸರು ಕ್ಯಾಲ್-ಗೆಟ್‌ಸಿ. ಅದಕ್ಕೂ ಮೊದಲೇ ಸೇರಿ ಓದು ಮುರಿಯದೆ ಮುಂದುವರಿಸಿದವರು ಹಳೆಯ ಐಗೆಟ್‌ಸಿಯಲ್ಲೇ ಮುಗಿಸಬಹುದು. ಅಣ್ಣನೋ ಅಕ್ಕನೋ ಕೊಟ್ಟ ಹಳೆಯ ಪಟ್ಟಿ ಹಿಡಿದು ಹೊಸಬರು ಕೋರ್ಸು ಆರಿಸಿದರೆ ಎಡವಟ್ಟಾಗುವುದು ಇಲ್ಲೇ.

ಒಟ್ಟು 11 ಕೋರ್ಸು, ಕನಿಷ್ಠ 34 ಸೆಮಿಸ್ಟರ್ ಯೂನಿಟ್. ವಿಭಾಗ 1ರಲ್ಲಿ ಮೂರು: 1ಎ ಇಂಗ್ಲಿಷ್ ಬರವಣಿಗೆ, 1ಬಿ ವಿಮರ್ಶಾತ್ಮಕ ಚಿಂತನೆ ಮತ್ತು ಬರವಣಿಗೆ, 1ಸಿ ಭಾಷಣ. ವಿಭಾಗ 2ರಲ್ಲಿ ಗಣಿತದ ಒಂದು ಕೋರ್ಸು. ವಿಭಾಗ 3ರಲ್ಲಿ ಕಲೆಯದು ಒಂದು, ಮಾನವಿಕದ್ದು ಒಂದು. ವಿಭಾಗ 4ರಲ್ಲಿ ಸಮಾಜ ವಿಜ್ಞಾನದ ಎರಡು, ಅವೂ ಎರಡು ಬೇರೆ ಬೇರೆ ವಿಷಯಗಳವು. ವಿಭಾಗ 5ರಲ್ಲಿ ಒಂದು ಭೌತ ವಿಜ್ಞಾನ, ಒಂದು ಜೀವ ವಿಜ್ಞಾನ, ಎರಡರಲ್ಲಿ ಒಂದಕ್ಕೆ ಲ್ಯಾಬ್. ವಿಭಾಗ 6ರಲ್ಲಿ ಎಥ್ನಿಕ್ ಸ್ಟಡೀಸ್ (ಅಮೆರಿಕದ ಜನಾಂಗೀಯ ಸಮುದಾಯಗಳ ಅಧ್ಯಯನ) ಒಂದು. ಪ್ರತಿಯೊಂದರಲ್ಲೂ ಸಿ ಅಥವಾ ಅದಕ್ಕಿಂತ ಮೇಲಿನ ಗ್ರೇಡ್ ಬೇಕು.

ಒಂದು ಕೋರ್ಸನ್ನು ಮೇಜರ್‌ಗೂ ಜಿಇಗೂ ಒಟ್ಟಿಗೆ ಎಣಿಸಬಹುದು. ಆದರೆ ಜಿಇ ಪಟ್ಟಿಯೊಳಗೇ ಒಂದು ಕೋರ್ಸನ್ನು ಎರಡು ವಿಭಾಗಗಳಿಗೆ ಹಾಕಲಾಗದು. ಕೆಲವು ಇತಿಹಾಸದ ಕೋರ್ಸುಗಳ ಹೆಸರು ಮಾನವಿಕದಲ್ಲೂ ಸಮಾಜ ವಿಜ್ಞಾನದಲ್ಲೂ ಕಾಣುತ್ತದೆ, ಅದರಿಂದ ಒಂದು ಜಾಗ ಮಾತ್ರ ತುಂಬುತ್ತದೆ. ಎಥ್ನಿಕ್ ಸ್ಟಡೀಸ್‌ನಲ್ಲೂ ಒಂದು ಮೋಸವಿದೆ. ಜನಾಂಗ, ವಲಸೆ ಎಂದು ಹೆಸರಿನಲ್ಲಿದ್ದ ಮಾತ್ರಕ್ಕೆ ಸಮಾಜಶಾಸ್ತ್ರದ ಕೋರ್ಸು ವಿಭಾಗ 6ಕ್ಕೆ ನಡೆಯುತ್ತದೆ ಎಂದುಕೊಳ್ಳಬೇಡಿ. ಪಟ್ಟಿಯಲ್ಲಿ ಆ ವಿಭಾಗದ ಕೆಳಗೆ ಹೆಸರಿದೆಯೇ ಎಂದು ನೋಡಿಯೇ ಸೇರಿ.

ಸಿಎಸ್‌ಯು ಕಡೆ ಕಣ್ಣಿಟ್ಟವರಿಗೆ ಒಂದು ಜಾಣ ಜೋಡಣೆ ಇದೆ. ಅಲ್ಲಿ ಪದವಿಗೆ ಅಮೆರಿಕದ ಇತಿಹಾಸ ಮತ್ತು ಸಂವಿಧಾನದ ಓದು ಕಡ್ಡಾಯ. ಅಮೆರಿಕನ್ ಸರ್ಕಾರದ ಕೋರ್ಸು ಒಂದು, ಅಮೆರಿಕದ ಇತಿಹಾಸ ಒಂದು ಎಂದು ವಿಭಾಗ 4ಕ್ಕೆ ಆರಿಸಿದರೆ ಜಿಇ ಕೂಡ ತುಂಬಿತು, ಆ ಕಡ್ಡಾಯವೂ ಮುಗಿಯಿತು. ಬಿಸಿನೆಸ್ ಓದುವವರು ಮೈಕ್ರೊ, ಮ್ಯಾಕ್ರೊ ಎಂದು ಅರ್ಥಶಾಸ್ತ್ರದ ಎರಡು ಕೋರ್ಸು ಓದಲೇಬೇಕಾಗುತ್ತದೆ, ಆದರೆ ಎರಡೂ ಒಂದೇ ವಿಷಯದವಾದ್ದರಿಂದ ವಿಭಾಗ 4ರಲ್ಲಿ ಒಂದೇ ಜಾಗ ತುಂಬುತ್ತದೆ. ಇನ್ನೊಂದು ಜಾಗಕ್ಕೆ ಅಮೆರಿಕನ್ ಸರ್ಕಾರ, ಇತಿಹಾಸವನ್ನು ಮಾನವಿಕದ ಜಾಗಕ್ಕೆ ಎಂದು ಹೊಂದಿಸಿಕೊಳ್ಳಿ. ನಿಮ್ಮ ಕಾಲೇಜಿನ ಪಟ್ಟಿಯಲ್ಲಿ ಆ ಇತಿಹಾಸದ ಕೋರ್ಸು 3ಬಿ (ಮಾನವಿಕ) ಅಡಿಯಲ್ಲಿ ಇದೆಯೇ ಎಂದು ನೋಡಿಕೊಂಡು.

2025ರ ಫಾಲ್‌ನಿಂದಲೇ ಹೆಚ್ಚು ಬೇಡಿಕೆಯ ಕೆಲವು ಕೋರ್ಸುಗಳಿಗೆ ರಾಜ್ಯದ ಎಲ್ಲ ಕಮ್ಯುನಿಟಿ ಕಾಲೇಜುಗಳಲ್ಲಿ ಒಂದೇ ಸಂಖ್ಯೆ ಬಂದಿದೆ. ಮೊದಲ ಇಂಗ್ಲಿಷ್ ಸಿ1000, ಎರಡನೆಯದು ಸಿ1001. ಭಾಷಣ, ಸ್ಟಾಟಿಸ್ಟಿಕ್ಸ್, ಸೈಕಾಲಜಿ, ಅಮೆರಿಕನ್ ಸರ್ಕಾರ ಇವೆಲ್ಲ ಆಯಾ ವಿಷಯದ ಸಿ1000. ಪಕ್ಕದ ಕಾಲೇಜಿನಲ್ಲಿ ಬೇಸಿಗೆ ಕೋರ್ಸು ಹುಡುಕುವವರಿಗೆ ಇದರಿಂದ ತಲೆನೋವು ಕಡಿಮೆಯಾಗಿದೆ.

ಸರಪಳಿ ಎಲ್ಲಿಂದ ಶುರು

ಕಾಗದದ ಮೇಲೆ ನಿಮ್ಮ ಮೇಜರ್ ಕೇಳುವ ಕೋರ್ಸುಗಳನ್ನು ಕೊನೆಯಿಂದ ಹಿಂದಕ್ಕೆ ಬರೆಯುತ್ತಾ ಬನ್ನಿ. ಎಂಜಿನಿಯರಿಂಗ್ ಅಥವಾ ಕಂಪ್ಯೂಟರ್ ಸೈನ್ಸ್ ಆದರೆ ಕೊನೆಯಲ್ಲಿ ಡಿಫರೆನ್ಶಿಯಲ್ ಈಕ್ವೇಷನ್ಸ್, ಲೀನಿಯರ್ ಆಲ್ಜಿಬ್ರಾ, ಮಲ್ಟಿವೇರಿಯಬಲ್ ಕ್ಯಾಲ್ಕುಲಸ್. ಅವುಗಳ ಹಿಂದೆ ಕ್ಯಾಲ್ಕುಲಸ್ 2, ಅದರ ಹಿಂದೆ ಕ್ಯಾಲ್ಕುಲಸ್ 1. ಕ್ಯಾಲ್ಕುಲಸ್ ಆಧಾರದ ಫಿಸಿಕ್ಸ್ ಶುರು ಮಾಡಲು ಕ್ಯಾಲ್ಕುಲಸ್ 1 ಮುಗಿದಿರಬೇಕು ಅಥವಾ ಜೊತೆಗೆ ನಡೆಯುತ್ತಿರಬೇಕು. ಸೆಮಿಸ್ಟರ್ ಪದ್ಧತಿಯಲ್ಲಿ ಇದು ಮೂರರಿಂದ ನಾಲ್ಕು ಸೆಮಿಸ್ಟರಿನ ಸರಪಳಿ. ಕೈಯಲ್ಲಿರುವುದು ನಾಲ್ಕೇ ಸೆಮಿಸ್ಟರ್. ಮೊದಲ ಫಾಲ್‌ನಲ್ಲಿ ಗಣಿತ ಬಿಟ್ಟರೆ ಲೆಕ್ಕ ಅಲ್ಲಿಗೇ ತಪ್ಪಿತು.

ಜೀವಶಾಸ್ತ್ರ, ಬಯೋಕೆಮಿಸ್ಟ್ರಿ, ಮೆಡಿಕಲ್ ಕಡೆ ಹೋಗುವವರಿಗೆ ಉದ್ದದ ಸರಪಳಿ ಕೆಮಿಸ್ಟ್ರಿಯದು. ಜನರಲ್ ಕೆಮಿಸ್ಟ್ರಿ ಎರಡು ಸೆಮಿಸ್ಟರ್, ಆರ್ಗ್ಯಾನಿಕ್ ಎರಡು ಸೆಮಿಸ್ಟರ್. ಇದು ನಾಲ್ಕಕ್ಕೆ ನಾಲ್ಕನ್ನೂ ತಿನ್ನುತ್ತದೆ, ಒಂದು ಸೆಮಿಸ್ಟರ್ ಜಾರಲೂ ಎಡೆಯಿಲ್ಲ. ‘ಬಯಾಲಜಿ ಮೇಜರ್ ತಾನೆ, ಬಯಾಲಜಿ ಮೊದಲು’ ಎಂದು ಕೆಮಿಸ್ಟ್ರಿಯನ್ನು ಸ್ಪ್ರಿಂಗ್‌ಗೆ ಬಿಡುವುದು ಅತ್ಯಂತ ಸಾಮಾನ್ಯ ತಪ್ಪು. ಮೇಜರ್ ಬಯಾಲಜಿಗೇ ಎಷ್ಟೋ ಕಾಲೇಜುಗಳಲ್ಲಿ ಕೆಮಿಸ್ಟ್ರಿ ಮೊದಲು ಮುಗಿದಿರಬೇಕು.

ಹೆಸರು ಒಂದೇ, ಕೋರ್ಸು ಬೇರೆ ಎನ್ನುವ ಸಂಗತಿಯೂ ಇದೆ. ಬಿಸಿನೆಸ್ ಕ್ಯಾಲ್ಕುಲಸ್ ಬೇರೆ, ಎಂಜಿನಿಯರಿಂಗ್‌ನವರ ಕ್ಯಾಲ್ಕುಲಸ್ ಬೇರೆ. ಆಲ್ಜಿಬ್ರಾ ಆಧಾರದ ಫಿಸಿಕ್ಸ್ ಬೇರೆ, ಕ್ಯಾಲ್ಕುಲಸ್ ಆಧಾರದ್ದು ಬೇರೆ. ಮೇಜರ್‌ಗಳ ಬಯಾಲಜಿ ಬೇರೆ, ಜಿಇಗೆಂದು ಇರುವ ಬಯಾಲಜಿ ಬೇರೆ. ಗಟ್ಟಿಯಾದದ್ದು ಹಗುರವಾದದ್ದಕ್ಕೆ ಸಾಮಾನ್ಯವಾಗಿ ನಡೆಯುತ್ತದೆ, ಹಗುರವಾದದ್ದು ಗಟ್ಟಿಯಾದದ್ದಕ್ಕೆ ನಡೆಯದು. ಎರಡೂ ಓದಿದರೆ ಯುಸಿ ಎರಡಕ್ಕೂ ಪೂರ್ತಿ ಯೂನಿಟ್ ಕೊಡದಿರಬಹುದು. ಮೇಜರ್ ಬಗ್ಗೆ ಅನುಮಾನವಿದ್ದರೆ ಗಟ್ಟಿಯಾದದ್ದನ್ನೇ ಹಿಡಿಯಿರಿ. ಎಂಜಿನಿಯರಿಂಗ್ ಕ್ಯಾಲ್ಕುಲಸ್ ಓದಿದವರು ಅರ್ಥಶಾಸ್ತ್ರಕ್ಕೆ ಹೊರಳುವುದು ಸುಲಭ, ಬಿಸಿನೆಸ್ ಕ್ಯಾಲ್ಕುಲಸ್ ಓದಿ ಎಂಜಿನಿಯರಿಂಗ್‌ಗೆ ಬರುವವರು ಮತ್ತೆ ಮೊದಲಿನಿಂದ ಶುರು ಮಾಡಬೇಕು.

ಇನ್ನೊಂದು ವಿಷಯ ನೋಡಲೇಬೇಕು: ಆರ್ಗ್ಯಾನಿಕ್ ಕೆಮಿಸ್ಟ್ರಿ, ಮೂರನೇ ಫಿಸಿಕ್ಸ್, ಡಿಸ್ಕ್ರೀಟ್ ಮ್ಯಾಥ್ ಇಂಥವನ್ನು ಸಣ್ಣ ಕಾಲೇಜುಗಳು ವರ್ಷಕ್ಕೊಮ್ಮೆ ಮಾತ್ರ ನಡೆಸುತ್ತವೆ. ಕ್ಯಾಟಲಾಗಿನಲ್ಲಿ ಇದೆ ಎಂದ ಮಾತ್ರಕ್ಕೆ ಈ ಸೆಮಿಸ್ಟರಿನಲ್ಲಿ ಇದೆ ಎಂದಲ್ಲ. ಹಿಂದಿನ ಎರಡು ವರ್ಷಗಳ ವೇಳಾಪಟ್ಟಿ ತೆರೆದು ಯಾವುದು ಫಾಲ್‌ನಲ್ಲಿ, ಯಾವುದು ಸ್ಪ್ರಿಂಗ್‌ನಲ್ಲಿ ಬಂದಿತ್ತು ಎಂದು ಗುರುತು ಹಾಕಿಕೊಳ್ಳಿ.

ಡಿ ಆನ್ಜಾ ಮತ್ತು ಫುಟ್‌ಹಿಲ್ ಕಾಲೇಜುಗಳು ಕ್ವಾರ್ಟರ್ ಪದ್ಧತಿಯವು. ಅಲ್ಲಿ ಕ್ಯಾಲ್ಕುಲಸ್ ನಾಲ್ಕು ಕ್ವಾರ್ಟರ್ ಕೋರ್ಸುಗಳಾಗಿ ಹಂಚಿದೆ, ಸೆಮಿಸ್ಟರ್ ಕಾಲೇಜಿನಲ್ಲಿ ಅಷ್ಟೇ ಪಾಠ ಮೂರು ಕೋರ್ಸುಗಳಲ್ಲಿ ಮುಗಿಯುತ್ತದೆ. ಅರ್ಧ ಅಲ್ಲಿ, ಅರ್ಧ ಇಲ್ಲಿ ಎಂದು ಮಾಡಿದರೆ ನಡುವೆ ಒಂದೆರಡು ಅಧ್ಯಾಯ ತಪ್ಪಿಹೋಗುತ್ತವೆ, ಆರ್ಟಿಕ್ಯುಲೇಷನ್ನೂ ಕೈಕೊಡಬಹುದು. ಸರಣಿಯಾಗಿರುವ ಕೋರ್ಸುಗಳನ್ನು ಶುರು ಮಾಡಿದ ಕಾಲೇಜಿನಲ್ಲೇ ಮುಗಿಸಿ. ಬೇರೆ ಕಾಲೇಜಿಗೆ ಹೋಗುವುದಾದರೆ ಜಿಇ ಕೋರ್ಸಿಗೆ ಹೋಗಿ.

ಮೊದಲ ವರ್ಷದ ಒಂದು ನಮೂನೆ

ಕಂಪ್ಯೂಟರ್ ಸೈನ್ಸ್‌ಗೆ ಹೋಗುವ, ಕ್ಯಾಲ್ಕುಲಸ್‌ಗೆ ಸಿದ್ಧವಾಗಿರುವ ವಿದ್ಯಾರ್ಥಿ ಸೆಮಿಸ್ಟರ್ ಕಾಲೇಜಿನಲ್ಲಿದ್ದಾರೆ ಎಂದುಕೊಳ್ಳೋಣ. ಫಾಲ್‌ನಲ್ಲಿ ಕ್ಯಾಲ್ಕುಲಸ್ 1, ಮೊದಲ ಪ್ರೋಗ್ರಾಮಿಂಗ್ ಕೋರ್ಸು, ಇಂಗ್ಲಿಷ್ ಸಿ1000, ಎಥ್ನಿಕ್ ಸ್ಟಡೀಸ್. ಕ್ಯಾಲ್ಕುಲಸ್ ನಾಲ್ಕೋ ಐದೋ ಯೂನಿಟ್, ಉಳಿದವು ಮೂರು ನಾಲ್ಕು, ಒಟ್ಟು 14-15 ಆಗುತ್ತದೆ. ಸ್ಪ್ರಿಂಗ್‌ನಲ್ಲಿ ಕ್ಯಾಲ್ಕುಲಸ್ 2, ಮೆಕ್ಯಾನಿಕ್ಸ್ ಫಿಸಿಕ್ಸ್, ಎರಡನೇ ಪ್ರೋಗ್ರಾಮಿಂಗ್ ಕೋರ್ಸು, ಇಂಗ್ಲಿಷ್ ಸಿ1001. ಬೇಸಿಗೆಯಲ್ಲಿ ಭಾಷಣದ ಕೋರ್ಸು. ಇಷ್ಟಕ್ಕೆ ಜಿಇಯ ವಿಭಾಗ 1, 2, 6 ಮುಗಿದವು, ಫಿಸಿಕ್ಸ್‌ನಿಂದ ಭೌತ ವಿಜ್ಞಾನ ಮತ್ತು ಲ್ಯಾಬ್ ಮುಗಿದವು. ಎರಡನೇ ವರ್ಷಕ್ಕೆ ಉಳಿಯುವುದು ಲ್ಯಾಬ್ ಇಲ್ಲದ ಒಂದು ಜೀವ ವಿಜ್ಞಾನ, ಕಲೆ, ಮಾನವಿಕ, ಎರಡು ಸಮಾಜ ವಿಜ್ಞಾನ, ಜೊತೆಗೆ ಮೇಜರ್‌ನ ಮೇಲಿನ ಕೋರ್ಸುಗಳು.

ಮೊದಲ ಫಾಲ್‌ನಲ್ಲೇ ಕ್ಯಾಲ್ಕುಲಸ್, ಕೆಮಿಸ್ಟ್ರಿ, ಪ್ರೋಗ್ರಾಮಿಂಗ್ ಮೂರನ್ನೂ ಒಟ್ಟಿಗೆ ಹೇರಿಕೊಳ್ಳುವುದು ಜಾಣತನವಲ್ಲ. ಭಾರವಾದವು ಎರಡು, ಬರವಣಿಗೆಯದ್ದು ಒಂದು, ಹಗುರಾದದ್ದು ಒಂದು ಎಂಬ ಹದ ಹೆಚ್ಚಿನವರಿಗೆ ಒಗ್ಗುತ್ತದೆ. ಒಂದು ಯೂನಿಟ್ ಎಂದರೆ ಇಡೀ ಸೆಮಿಸ್ಟರಿಗೆ ತರಗತಿ, ಮನೆಪಾಠ ಸೇರಿ ಸುಮಾರು 48ರಿಂದ 54 ಗಂಟೆ ಕೆಲಸ. 15 ಯೂನಿಟ್ ಎಂದರೆ ವಾರಕ್ಕೆ ಹತ್ತಿರ ಹತ್ತಿರ 45 ಗಂಟೆ. ಇದರ ಮೇಲೆ ವಾರಕ್ಕೆ 20 ಗಂಟೆ ಅಂಗಡಿ ಕೆಲಸ ಇದ್ದರೆ 12 ಯೂನಿಟ್ ಹಿಡಿದು, ಉಳಿದದ್ದನ್ನು ಬೇಸಿಗೆಯಲ್ಲಿ ತುಂಬಿ. ಆದರೆ ಬೇಸಿಗೆಯ ಆರು ವಾರದ ಕ್ಯಾಲ್ಕುಲಸ್‌ಗೆ ಕೈ ಹಾಕಬೇಡಿ. ಹದಿನಾರು ವಾರದ ಪಾಠವನ್ನು ಆರಕ್ಕೆ ಇಳಿಸಿದಾಗ ಎಡವುವವರೇ ಜಾಸ್ತಿ.

ಮೇಜರ್ ಇನ್ನೂ ಗೊತ್ತಿಲ್ಲದವರಿಗೆ: ಇಂಗ್ಲಿಷ್ ಎರಡು, ಭಾಷಣ, ಎಥ್ನಿಕ್ ಸ್ಟಡೀಸ್ ಯಾವ ಮೇಜರ್ ಆದರೂ ವ್ಯರ್ಥವಾಗುವುದಿಲ್ಲ. ಇವುಗಳ ಜೊತೆ ಮನಸ್ಸು ಎಳೆಯುವ ಎರಡು ವಿಷಯಗಳ ಪ್ರವೇಶ ಕೋರ್ಸು ಓದಿ. ವಿಜ್ಞಾನದ ಸಾಧ್ಯತೆ ಹತ್ತರಲ್ಲಿ ಎರಡಿದ್ದರೂ ಗಣಿತದ ಸರಪಳಿ ಬಿಡಬೇಡಿ.

ಯುಸಿ ಎಂಜಿನಿಯರಿಂಗ್ ಮಾತ್ರ ಬಯಸುವವರಿಗೆ ಒಂದು ಎಚ್ಚರಿಕೆ. ಅಲ್ಲಿ ಜಿಇ ಪಟ್ಟಿ ಪೂರ್ತಿ ಮುಗಿದಿದೆಯೇ ಎನ್ನುವುದಕ್ಕಿಂತ ಮೇಜರ್ ತಯಾರಿ ಪೂರ್ತಿಯಾಗಿದೆಯೇ ಎಂದು ನೋಡುತ್ತಾರೆ. ಎರಡಕ್ಕೂ ಸಮಯ ಸಾಲದಿದ್ದರೆ ಬಿಡಬೇಕಾದ್ದು ಜಿಇಯನ್ನು. ಆದರೂ ಯುಸಿಯ ಕನಿಷ್ಠ ನಿಯಮ ಬಿಡುವಂತಿಲ್ಲ: ಎರಡು ಇಂಗ್ಲಿಷ್, ಒಂದು ಗಣಿತ, ಜೊತೆಗೆ ಕಲೆ-ಮಾನವಿಕ, ಸಮಾಜ ವಿಜ್ಞಾನ, ವಿಜ್ಞಾನ ಇವುಗಳಲ್ಲಿ ಕನಿಷ್ಠ ಎರಡು ಕ್ಷೇತ್ರಗಳಿಂದ ನಾಲ್ಕು ಕೋರ್ಸು.

ಮೊದಲೇ ಕೈಯಲ್ಲಿರುವ ಅಂಕಗಳು

ಎಪಿ (ಹೈಸ್ಕೂಲಿನಲ್ಲೇ ಬರೆಯುವ ಕಾಲೇಜು ಮಟ್ಟದ) ಪರೀಕ್ಷೆಯಲ್ಲಿ 3 ಅಥವಾ ಹೆಚ್ಚು ಬಂದಿದ್ದರೆ ಜಿಇಯ ಹಲವು ವಿಭಾಗಗಳು ತುಂಬುತ್ತವೆ. ಎಪಿ ಇಂಗ್ಲಿಷ್ 1ಎಗೆ ನಡೆಯುತ್ತದೆ, 1ಬಿ ಮತ್ತು ಭಾಷಣವನ್ನು ಮಾತ್ರ ಕಾಲೇಜಿನಲ್ಲೇ ಓದಬೇಕು. ಮೇಜರ್‌ಗೆ ಎಷ್ಟು ಅಂಕ ಬೇಕು ಎಂಬುದು ಕ್ಯಾಂಪಸ್ ಮೇಲೆ ಹೋಗುತ್ತದೆ, ಜಿಇಗೆ 3 ಸಾಕಾದದ್ದು ಮೇಜರ್‌ಗೆ ಸಾಲದಿರಬಹುದು. ಅಂಕಪಟ್ಟಿಯನ್ನು ಕಾಲೇಜ್ ಬೋರ್ಡ್‌ನಿಂದ ನೇರವಾಗಿ ನಿಮ್ಮ ಕಾಲೇಜಿಗೆ ಮೊದಲ ಬೇಸಿಗೆಯಲ್ಲೇ ಕಳಿಸಿ. ಇಲ್ಲದಿದ್ದರೆ ಕ್ಯಾಲ್ಕುಲಸ್ 2ಕ್ಕೆ ನೋಂದಾಯಿಸಲು ಹೋದಾಗ ಗಣಕ ತಡೆಯುತ್ತದೆ, ಅದು ತೆರವಾಗುವಷ್ಟರಲ್ಲಿ ಸೀಟು ತುಂಬಿರುತ್ತದೆ.

ಕರ್ನಾಟಕದಲ್ಲಿ ದ್ವಿತೀಯ ಪಿಯುಸಿ ಮುಗಿಸಿ ಬಂದವರಿಗೆ ಅದು ಹೈಸ್ಕೂಲಿನ ಹನ್ನೆರಡನೇ ತರಗತಿಗೆ ಸಮ, ಕಾಲೇಜು ಯೂನಿಟ್ ಆಗುವುದಿಲ್ಲ. ಪಿಯುಸಿಯಲ್ಲಿ ಡಿಫರೆನ್ಸಿಯೇಷನ್, ಇಂಟಿಗ್ರೇಷನ್ ಎಲ್ಲ ಮಾಡಿದ್ದರೂ ಕ್ಯಾಲ್ಕುಲಸ್ 1ರಲ್ಲಿ ಕೂರಬೇಕಾಗುತ್ತದೆ. ಆದರೆ ಪ್ರಿಕ್ಯಾಲ್ಕುಲಸ್‌ಗೆ ಇಳಿಯುವ ಅಗತ್ಯವಿಲ್ಲ. ಇಲ್ಲಿನ ಹೈಸ್ಕೂಲು ದಾಖಲೆ ಇಲ್ಲದ್ದರಿಂದ ಗಣಿತ ವಿಭಾಗ ತಾನಾಗಿ ಸರಿಯಾದ ಕೋರ್ಸಿಗೆ ಹಾಕದಿರಬಹುದು. ಅಂಕಪಟ್ಟಿ, ಪಠ್ಯಕ್ರಮದ ಪ್ರತಿ ಹಿಡಿದುಕೊಂಡು ಸೆಮಿಸ್ಟರ್ ಶುರುವಾಗುವ ಮುಂಚೆಯೇ ಕೌನ್ಸೆಲರನ್ನು ನೋಡಿ. ಭಾರತದಲ್ಲಿ ಡಿಗ್ರಿಯ ಒಂದು ವರ್ಷ ಓದಿ ಬಂದವರು ಆ ಕೋರ್ಸುಗಳು ಕ್ಯಾಲ್-ಗೆಟ್‌ಸಿ ಪಟ್ಟಿಯನ್ನು ತುಂಬುತ್ತವೆ ಎಂಬ ಭರವಸೆಯಲ್ಲಿ ಯೋಜನೆ ಹಾಕಬೇಡಿ.

ಹೈಸ್ಕೂಲಿನಲ್ಲಿದ್ದಾಗಲೇ ಕಮ್ಯುನಿಟಿ ಕಾಲೇಜಿನ ಕೋರ್ಸು ಮಾಡಿದ ಮಕ್ಕಳು ನೆನಪಿಡಬೇಕಾದ್ದು, ಆ ಗ್ರೇಡು ಶಾಶ್ವತ. ಹದಿನೈದನೇ ವಯಸ್ಸಿನಲ್ಲಿ ಬಂದ ಡಿ ಕೂಡ ಟ್ರಾನ್ಸ್‌ಫರ್ ಜಿಪಿಎಯಲ್ಲಿ (ಗ್ರೇಡುಗಳ ಸರಾಸರಿ) ಕೂರುತ್ತದೆ.

ಗ್ರೇಡು, ಡ್ರಾಪ್, ಪಾಸ್

ಫಾಲ್‌ಗೆ ಟ್ರಾನ್ಸ್‌ಫರ್ ಆಗಲು ಅರ್ಜಿ ಹಾಕುವುದು ಹಿಂದಿನ ವರ್ಷದ ಅಕ್ಟೋಬರ್, ನವೆಂಬರ್‌ನಲ್ಲಿ, ಅಂದರೆ ಎರಡನೇ ವರ್ಷದ ಮೊದಲ ಸೆಮಿಸ್ಟರಿನ ನಡುವೆ. ಆ ಹೊತ್ತಿಗೆ ಪೂರ್ತಿಯಾದ ಗ್ರೇಡುಗಳಿರುವುದು ಮೊದಲ ವರ್ಷದವು ಮಾತ್ರ. ಫಾಲ್‌ನ ಗ್ರೇಡನ್ನು ಯುಸಿಗೆ ಜನವರಿಯ ಅಪ್‌ಡೇಟಿನಲ್ಲಿ ತುಂಬುತ್ತೀರಿ. ಮೊದಲ ವರ್ಷ ‘ಅಡ್ಜಸ್ಟ್ ಆಗುವ ವರ್ಷ’ ಅಲ್ಲ, ಅರ್ಜಿಯ ಬಹುಪಾಲು ಅದೇ. ಯುಸಿಗೆ ಕ್ಯಾಲಿಫೋರ್ನಿಯಾ ನಿವಾಸಿಗಳ ಕನಿಷ್ಠ ಜಿಪಿಎ 2.4. ಬೇಡಿಕೆಯ ಮೇಜರ್‌ಗಳಲ್ಲಿ ಸೀಟು ಸಿಗುವುದು ಅದಕ್ಕಿಂತ ಬಹಳ ಮೇಲೆ.

ಸಿ ಬಂದ ಕೋರ್ಸನ್ನು ಗ್ರೇಡು ಸುಧಾರಿಸಲೆಂದು ಮತ್ತೆ ಓದುವಂತಿಲ್ಲ. ಡಿ, ಎಫ್ ಬಂದರೆ ಓದಬಹುದು. ಆದ್ದರಿಂದ ಹದಿನಾರು ವಾರದ ಸೆಮಿಸ್ಟರಿನಲ್ಲಿ ಹತ್ತನೇ ವಾರಕ್ಕೆ ಮೇಜರ್‌ನ ಕೋರ್ಸಿನಲ್ಲಿ ಸಿಗೆ ತೂಗಾಡುತ್ತಿದ್ದರೆ ಡಬ್ಲ್ಯು (ಕೋರ್ಸು ನಡುವೆ ಬಿಟ್ಟ ಗುರುತು) ತೆಗೆದುಕೊಳ್ಳುವುದೇ ಲೇಸೇ ಎಂದು ಯೋಚಿಸಬೇಕಾಗುತ್ತದೆ. ಒಂದು ಡಬ್ಲ್ಯು ಯಾರ ಅರ್ಜಿಯನ್ನೂ ಮುಳುಗಿಸುವುದಿಲ್ಲ, ನಾಲ್ಕೈದು ಸೇರಿದರೆ ಪ್ರಶ್ನೆ ಏಳುತ್ತದೆ. ಸೆಮಿಸ್ಟರಿನ ಮೊದಲ ಶೇ. 20ರ ಹತ್ತಿರ ಬರುವ ಸೆನ್ಸಸ್ ದಿನದ ಮುಂಚೆ ಬಿಟ್ಟರೆ ದಾಖಲೆಯಲ್ಲಿ ಗುರುತೇ ಇರುವುದಿಲ್ಲ. ಅಲ್ಲಿಂದ ಶೇ. 75ರವರೆಗೆ ಬಿಟ್ಟರೆ ಡಬ್ಲ್ಯು. ಆಮೇಲೆ ಬಂದ ಗ್ರೇಡೇ ಗತಿ. ಶುಲ್ಕ ವಾಪಸಿನ ಗಡುವು ಇನ್ನೂ ಮುಂಚೆ, ಸಾಮಾನ್ಯವಾಗಿ ಎರಡು ವಾರದೊಳಗೆ.

ಗ್ರೇಡಿಲ್ಲದ ಪಾಸ್/ನೋ ಪಾಸ್ ಆಯ್ಕೆ ಮೇಜರ್‌ನ ಕೋರ್ಸುಗಳಿಗೆ ಬೇಡ. ಯುಸಿ 14 ಸೆಮಿಸ್ಟರ್ ಯೂನಿಟ್‌ವರೆಗೆ ಮಾತ್ರ ಅದನ್ನು ಒಪ್ಪುತ್ತದೆ. ಹೆಚ್ಚು ಯೂನಿಟ್ ಓದಿದರೆ ಹೆಚ್ಚು ಒಳ್ಳೆಯದು ಎಂಬುದೂ ಸುಳ್ಳು, ಕಮ್ಯುನಿಟಿ ಕಾಲೇಜಿನಿಂದ ಯುಸಿ ಯೂನಿಟ್ ಲೆಕ್ಕಕ್ಕೆ ತೆಗೆದುಕೊಳ್ಳುವ ಮಿತಿ 70.

ರಿಜಿಸ್ಟ್ರೇಷನ್ ಮತ್ತು ಕೌನ್ಸೆಲರ್

ಓರಿಯೆಂಟೇಷನ್, ಪ್ಲೇಸ್‌ಮೆಂಟ್, ಎಜುಕೇಷನ್ ಪ್ಲಾನ್ ಈ ಮೂರೂ ಮುಗಿಸಿದವರಿಗೆ ನೋಂದಣಿಯ ದಿನ ಮುಂಚಿತವಾಗಿ ಸಿಗುತ್ತದೆ. ಸಂಜೆಯ ಕೆಮಿಸ್ಟ್ರಿ ಲ್ಯಾಬ್, ಮೆಕ್ಯಾನಿಕ್ಸ್ ಫಿಸಿಕ್ಸ್ ಸೀಟುಗಳು ಮೊದಲ ದಿನಗಳಲ್ಲೇ ಹೋಗುವುದರಿಂದ ಇದು ದೊಡ್ಡ ಅನುಕೂಲ. ವೇಟ್‌ಲಿಸ್ಟಿನಲ್ಲಿದ್ದರೆ ಮೊದಲ ತರಗತಿಗೆ ಹೋಗಿ ಕೂತುಕೊಳ್ಳಿ. ಬಾರದವರ ಹೆಸರನ್ನು ಅಧ್ಯಾಪಕರು ಆ ದಿನವೇ ತೆಗೆಯುತ್ತಾರೆ, ಆ ಜಾಗ ನಿಮಗೆ ಸಿಗುತ್ತದೆ. ಆನ್‌ಲೈನ್ ಕೋರ್ಸಾದರೆ ಮೊದಲ ದಿನವೇ ಲಾಗಿನ್ ಆಗಿ ಮೊದಲ ಕೆಲಸ ಮುಗಿಸಿ, ಇಲ್ಲದಿದ್ದರೆ ನೀವೇ ಆ ‘ಬಾರದವರು’.

ಕೌನ್ಸೆಲರ್ ಹತ್ತಿರ ‘ನಾನು ಏನು ಓದಲಿ?’ ಎಂದು ಹೋದರೆ ಸಿಗುವುದು ಜಿಇ ಪಟ್ಟಿ. ಅಸಿಸ್ಟ್‌ನ ಮೂರು ಒಪ್ಪಂದ, ನಾಲ್ಕು ಸೆಮಿಸ್ಟರಿನ ಕರಡು ಹಿಡಿದು ‘ಇದರಲ್ಲಿ ಎಲ್ಲಿ ತಪ್ಪಿದೆ?’ ಎಂದು ಕೇಳಿದರೆ ಅದೇ ಅರ್ಧ ಗಂಟೆಯಲ್ಲಿ ಹತ್ತು ಪಟ್ಟು ಕೆಲಸವಾಗುತ್ತದೆ. ಹೇಳಿದ್ದನ್ನು ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಅಪ್ಪ ಅಮ್ಮಂದಿರಿಗೆ ಒಂದು ಮಾತು: ಕಾಲೇಜಿಗೆ ಸೇರಿದ ಮೇಲೆ, ವಯಸ್ಸು ಹದಿನೆಂಟು ತುಂಬದಿದ್ದರೂ, ದಾಖಲೆಗಳ ಹಕ್ಕು ವಿದ್ಯಾರ್ಥಿಯದು. ಮಗಳ ಗ್ರೇಡು ಕೇಳಿ ನೀವು ಕಾಲೇಜಿಗೆ ಫೋನ್ ಮಾಡಿದರೆ ಆಕೆಯ ಲಿಖಿತ ಒಪ್ಪಿಗೆಯಿಲ್ಲದೆ ಅವರು ಹೇಳುವುದಿಲ್ಲ. ಸಿಟ್ಟಾಗಬೇಡಿ, ಅದು ಫೆಡರಲ್ ಕಾನೂನು.

ಎಚ್-4 (ಎಚ್-1ಬಿ ಕೆಲಸಗಾರರ ಅವಲಂಬಿತರ) ವೀಸಾದ ಮಕ್ಕಳಿಗೆ 21 ತುಂಬಿ ವಿದ್ಯಾರ್ಥಿ ವೀಸಾ ಎಫ್-1ಕ್ಕೆ ಬದಲಾಗುವ ಸಂದರ್ಭ ಬಂದರೆ ಕೋರ್ಸು ಆಯ್ಕೆಯೂ ಬದಲಾಗುತ್ತದೆ. ಪ್ರತಿ ಸೆಮಿಸ್ಟರ್ 12 ಯೂನಿಟ್ ಕಡ್ಡಾಯ, ಅದರಲ್ಲಿ ಆನ್‌ಲೈನಿನದು ಒಂದೇ ಕೋರ್ಸು ಲೆಕ್ಕಕ್ಕೆ. ಎಚ್-4ರಲ್ಲಿ ರಾಜ್ಯದ ನಿವಾಸಿ ಶುಲ್ಕ ಪಡೆಯಬಹುದು, ಎಫ್-1ರಲ್ಲಿ ಸಾಮಾನ್ಯವಾಗಿ ಆಗದು. ಹುಟ್ಟಿದ ದಿನ ನಾಲ್ಕು ಸೆಮಿಸ್ಟರಿನೊಳಗೆ ಬೀಳುತ್ತದೆಯೇ ಎಂದು ಮೊದಲೇ ನೋಡಿ, ಆನ್‌ಲೈನ್ ಕೋರ್ಸುಗಳನ್ನು ಅದಕ್ಕಿಂತ ಮುಂಚಿನ ಸೆಮಿಸ್ಟರುಗಳಿಗೆ ಹಾಕಿಕೊಳ್ಳಿ.

ಗ್ಯಾರಂಟಿಗಳು ಮತ್ತು ಗಡುವುಗಳು

ಯುಸಿಯ ಆರು ಕ್ಯಾಂಪಸ್ಸುಗಳು ಟ್ಯಾಗ್ ಎಂಬ ಪ್ರವೇಶದ ಖಾತರಿ ಕೊಡುತ್ತವೆ: ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸ್ಯಾಂಟಾ ಬಾರ್ಬರಾ, ಸ್ಯಾಂಟಾ ಕ್ರೂಜ್. ಬರ್ಕ್‌ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೊ ಇದರಲ್ಲಿಲ್ಲ. ಒಂದೇ ಕ್ಯಾಂಪಸ್ಸಿಗೆ ಹಾಕಬಹುದು, ಸೆಪ್ಟೆಂಬರ್ ತಿಂಗಳೊಳಗೆ. ಕಂಪ್ಯೂಟರ್ ಸೈನ್ಸ್, ಎಂಜಿನಿಯರಿಂಗ್ ಮೇಜರ್‌ಗಳನ್ನು ಕೆಲವು ಕ್ಯಾಂಪಸ್ಸುಗಳು ಖಾತರಿಯಿಂದ ಹೊರಗಿಟ್ಟಿವೆ. ಅರ್ಜಿಯ ಹೊತ್ತಿಗೆ ಸಾಮಾನ್ಯವಾಗಿ 30 ಸೆಮಿಸ್ಟರ್ ಯೂನಿಟ್ ಮುಗಿದಿರಬೇಕು, ಅಂದರೆ ಮೊದಲ ವರ್ಷ 24ಕ್ಕೆ ನಿಂತವರು ಬೇಸಿಗೆಯಲ್ಲಿ ಎರಡು ಕೋರ್ಸು ಮಾಡಲೇಬೇಕು. ಸಿಎಸ್‌ಯು ಕಡೆ ಕಮ್ಯುನಿಟಿ ಕಾಲೇಜೇ ಕೊಡುವ ಎರಡು ವರ್ಷದ ಅಸೋಸಿಯೇಟ್ ಡಿಗ್ರಿ ಫಾರ್ ಟ್ರಾನ್ಸ್‌ಫರ್ ಇದೆ. ಅದು ಸಿಎಸ್‌ಯು ವ್ಯವಸ್ಥೆಯಲ್ಲಿ ಒಂದು ಸೀಟಿನ ಖಾತರಿ, ನಿಮಗೆ ಬೇಕಾದ ಕ್ಯಾಂಪಸ್ಸಿನ ಖಾತರಿಯಲ್ಲ.

ಇಂಗ್ಲಿಷ್ ಮತ್ತು ಗಣಿತದ ಕನಿಷ್ಠ ಕೋರ್ಸುಗಳು ಸೇರುವ ಮೊದಲಿನ ಸ್ಪ್ರಿಂಗ್ ಒಳಗೆ ಮುಗಿದಿರಬೇಕು, ಕೊನೆಯ ಬೇಸಿಗೆಗೆ ಉಳಿಸಿಕೊಂಡರೆ ಸಿಕ್ಕ ಸೀಟೂ ಕೈತಪ್ಪಬಹುದು. ಎಲ್ಲ ಮುಗಿದ ಮೇಲೆ ಜಿಇ ಸರ್ಟಿಫಿಕೇಷನ್ (ಜಿಇ ಪಟ್ಟಿ ಮುಗಿದಿದೆ ಎಂಬ ದೃಢೀಕರಣ) ತಾನಾಗಿ ಹೋಗುತ್ತದೆ ಎಂದು ಕೂರಬೇಡಿ. ಕೊನೆಯದಾಗಿ ಓದಿದ ಕಮ್ಯುನಿಟಿ ಕಾಲೇಜಿನಲ್ಲಿ ಅದಕ್ಕೆ ಅರ್ಜಿ ಕೊಡಬೇಕು. ಅದಕ್ಕೂ ಮೊದಲು ನೀವು ಕೋರ್ಸು ಮಾಡಿದ ಪ್ರತಿ ಕಾಲೇಜಿನ ಟ್ರಾನ್ಸ್‌ಕ್ರಿಪ್ಟು, ಬೇಸಿಗೆಯಲ್ಲಿ ಒಂದೇ ಒಂದು ಭಾಷಣದ ಕೋರ್ಸು ಮಾಡಿದ ಕಾಲೇಜಿನದೂ, ಅಲ್ಲಿಗೆ ತಲುಪಿರಬೇಕು.